ಗದ್ಯದೊಳಗೆ ಸಿಕ್ಕ ಪದ್ಯ

ಧಾರವಾಡದ ರತ್ನಾಳಿಗೆ ಜರ್ಮನ್ ಹುಚ್ಚು ಹಿಡಿದದ್ದು ಕಾಲೇಜಿನ ಸಂಜೆ ತರಗತಿಯಲ್ಲಿ. ಮದುವೆಯಾಗಿ ಕೆನಡಾದ ಒಶಾವಾಕ್ಕೆ ಬಂದ ಮೇಲೂ ಅದು ಬಿಡಲಿಲ್ಲ. ಗಂಡ ನಿಜಗುಣ ಕಾರು ಕಾರ್ಖಾನೆಗೆ ಹೊರಟರೆ, ಆಕೆ ರೈಲು ಹಿಡಿದು ಟೊರಾಂಟೊದ ವಿಶ್ವವಿದ್ಯಾಲಯಕ್ಕೆ. ಡಾಕ್ಟರೇಟು ಬಂತು, ಕಾಯಂ ಕೆಲಸ ಬರಲಿಲ್ಲ. ತಾತ್ಕಾಲಿಕ ಪಾಠಗಳಲ್ಲೇ ವಯಸ್ಸು ನಲವತ್ತು ದಾಟಿತು. ೧೯೯೭ರಲ್ಲಿ ವಿಭಾಗದ ಹಿರಿಯ ಪ್ರೊಫೆಸರು, ಹತ್ತೊಂಬತ್ತನೇ ಶತಮಾನದ ಒಬ್ಬ ಆಸ್ಟ್ರಿಯನ್ ನಾಟಕಕಾರನ ಸಮಗ್ರ ಕೃತಿಗಳಲ್ಲಿ ಒಂದು ಸಂಪುಟದ ಸಂಪಾದನೆಯನ್ನು ಆಕೆಗೆ ಒಪ್ಪಿಸಿದಾಗ ರತ್ನಾ ಕುಣಿದಾಡಿಬಿಟ್ಟಳು.

ಪಾಠಾಂತರ, ಅಂದರೆ ಮುದ್ರಣದಿಂದ ಮುದ್ರಣಕ್ಕೆ ಆದ ವ್ಯತ್ಯಾಸ, ಹಿಡಿಯಬೇಕಾದರೆ ಇಬ್ಬರು ಬೇಕು. ಒಬ್ಬರು ಮೊದಲ ಮುದ್ರಣವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಂತರದ ಮುದ್ರಣದ ಮೇಲೆ ಬೆರಳಾಡಿಸುತ್ತ ಹೋಗಬೇಕು. ಓದಲು ಸಿಕ್ಕವನು ನಿಜಗುಣ. ಜರ್ಮನ್ ತಿಳಿಯದ ಆತ ಬರೀ ಉಚ್ಚಾರ ಕಲಿತು, ಭಾನುವಾರಗಳಂದು ಅಡುಗೆಮನೆಯಲ್ಲಿ ಕೂತು ಅಲ್ಪವಿರಾಮವನ್ನೂ ಬಿಡದೆ ಓದುತ್ತಿದ್ದ.

ಒಂದು ಭಾನುವಾರ, ಮೂರನೇ ಅಂಕದಲ್ಲಿ ಮನೆಗೆಲಸದವಳ ಉದ್ದನೆಯ ಮಾತು ಬಂತು. ರತ್ನಾಳ ಬೆರಳು ತಟ್ಟನೆ ನಿಂತಿತು.

"ತಡೀರಿ! ಮತ್ತೊಮ್ಮೆ ಓದ್ರಿ. ಕಾಮಾ ಗೀಮಾ ಹೇಳಬ್ಯಾಡ್ರಿ."

"ಯಾಕ, ಮಿಸ್ಟೇಕ್ ಆತೇನು?"

"ಇಲ್ರೀ, ಓದ್ರಿ ಅಂದ್ರ!"

ಅರ್ಥದ ಗೊಡವೆಯಿಲ್ಲದ ಆ ದನಿಯಲ್ಲಿ ಒತ್ತುಗಳು ಒಂದೇ ಸಮನೆ ಬೀಳುತ್ತಿದ್ದವು. ಐದು ಒತ್ತು, ಒಂದು ನಿಲುಗಡೆ. ಮತ್ತೆ ಐದು. ರತ್ನಾ ಎದ್ದೇ ನಿಂತಳು.

"ಇದು ಪದ್ಯ ರೀ! ನೂರೈವತ್ತು ವರ್ಷ ಎಲ್ಲಾರೂ ಗದ್ಯ ಅಂತ ಪ್ರಿಂಟ್ ಮಾಡ್ಯಾರ!"

ಪ್ರೊಫೆಸರು ಅಷ್ಟಕ್ಕೇ ಒಪ್ಪಲಿಲ್ಲ. ಕಿವಿಯ ಸಾಕ್ಷಿ ಸಾಲದು, ಹಸ್ತಪ್ರತಿ ನೋಡಬೇಕು ಎಂದರು. ರತ್ನಾ ಹಸ್ತಪ್ರತಿಯಿದ್ದ ವಿಯೆನ್ನಾದ ಗ್ರಂಥಾಲಯಕ್ಕೆ ಬರೆದು ಅದರ ಮೈಕ್ರೋಫಿಲ್ಮ್ ತರಿಸಿದಳು. ವಿಶ್ವವಿದ್ಯಾಲಯದ ಗ್ರಂಥಾಲಯದ ಯಂತ್ರಕ್ಕೆ ಸುರುಳಿ ಏರಿಸಿದಳು. ಒಂದೊಂದೇ ಪುಟ ಸರಿಸಿ ಮೂರನೇ ಅಂಕಕ್ಕೆ ಬಂದರೆ, ಅಲ್ಲಿ ಗಿಡ್ಡ ಗಿಡ್ಡ ಸಾಲುಗಳು ಒಂದರ ಕೆಳಗೊಂದು! ಬರೆದವನು ಪದ್ಯವನ್ನೇ ಬರೆದಿದ್ದ. ಅಚ್ಚಿನವರು ಸಾಲುಗಳನ್ನು ಕೂಡಿಸಿಬಿಟ್ಟಿದ್ದರು. ರತ್ನಾ ಕೂಗಿದ ಕೂಗಿಗೆ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಹೊರಗೋಡಿ ಕಾರ್ಖಾನೆಗೇ ಫೋನು ಹಚ್ಚಿದಳು.

"ರೀ, ಸಾಲು ಒಡದಾವ! ಎಲ್ಲಾ ಒಡದಾವ!"

ಯಂತ್ರಗಳ ಸದ್ದಿನ ನಡುವೆ ನಿಜಗುಣ ಗಾಬರಿಯಾದ. "ಏನ್ ಒಡೀತು? ನೀ ಆರಾಮ ಇದ್ದೀಯಿಲ್ಲೋ?"

ರತ್ನಾ ನಗುತ್ತ ನಗುತ್ತ ಅತ್ತೇಬಿಟ್ಟಳು.

೨೦೦೧ರಲ್ಲಿ ಸಂಪುಟ ಹೊರಬಂತು. ಮರುವರ್ಷ ಕಾಯಂ ಹುದ್ದೆಯೂ ಬಂತು. ಪ್ರೊಫೆಸರು ನಿವೃತ್ತರಾಗುವಾಗ ಉಳಿದ ಸಂಪುಟಗಳನ್ನೂ ಆಕೆಯ ಕೈಗೇ ಕೊಟ್ಟರು.

ವಿಯೆನ್ನಾದ ಒಂದು ಸಮ್ಮೇಳನದಲ್ಲಿ ರತ್ನಾ ಈ ಕತೆಯನ್ನೆಲ್ಲ ಹೇಳಿ ವೇದಿಕೆ ಇಳಿದಾಗ ವಯಸ್ಸಾದ ನಟಿಯೊಬ್ಬಳು ಎದುರು ಬಂದಳು. ಹರೆಯದಲ್ಲಿ ಆ ಕೆಲಸದವಳ ಪಾತ್ರ ಮಾಡಿದ್ದಳಂತೆ. "ನಾಟಕದಲ್ಲಿ ಬೇರೆಲ್ಲ ಮರೆತೆ, ಆ ಮಾತೊಂದು ಮಾತ್ರ ಮರೆಯಲೇ ಇಲ್ಲ. ಯಾಕೆಂದು ಇವತ್ತು ತಿಳಿಯಿತು," ಎಂದು ಅಲ್ಲೇ ಆ ಮಾತನ್ನು ಪದ್ಯವಾಗಿ ಹೇಳಲು ಶುರುಮಾಡಿದಳು. ಎರಡನೇ ಸಾಲಿಗೆ ರತ್ನಾಳೂ ದನಿಗೂಡಿಸಿದಳು. ಕಾಫಿ ಕಪ್ಪು ಹಿಡಿದವರೆಲ್ಲ ಸುತ್ತ ನೆರೆದರು.