ಕೊಪ್ರಿವ್‌ಷ್ಟಿತ್ಸಾಕ್ಕೆ ಕುಕ್ಕರ್ ಬೇಡ

ಒಂದು ರೈಸ್ ಕುಕ್ಕರ್‌ ದೆಸೆಯಿಂದ ನಮ್ಮ ಬಲ್ಗೇರಿಯಾ ಟೂರಿನ ಒಂದು ದಿನ ಹಾಳಾಗುವುದರಲ್ಲಿತ್ತು.

ಹುಣಸೂರಿನ ಪಂಪ್‌ಸೆಟ್ ಅಂಗಡಿಯವನಿಗೆ ಎಲ್ಲಿಯ ಬಲ್ಗೇರಿಯಾ ಅಂತೀರಾ? ಚೆನ್ನಾಗಿ ವ್ಯಾಪಾರ ಮಾಡಿದ ಡೀಲರ್‌ಗಳನ್ನು ಮೋಟರ್ ಕಂಪನಿಯವರು ಫಾರಿನ್ನಿಗೆ ಕಳಿಸುತ್ತಾರೆ. ಹಿಂದೆ ಒಮ್ಮೆ ಬ್ಯಾಂಕಾಕ್ (ಅದಕ್ಕೆ ಹೆಂಡತಿಯರನ್ನು ಕರೆದಿರಲಿಲ್ಲ). ಈ ಸಲ ಬಲ್ಗೇರಿಯಾ, ಹೆಂಡತಿ ಸಮೇತ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟು, ಸುಟ್ಟ ಮೋಟರ್ ಬಿಚ್ಚಿ ತಂತಿ ಸುತ್ತುತ್ತಾ ಬೆಳೆದವನು ನಾನು. ಆ ಟಿಕೆಟ್ಟು ಯಾರೂ ದಾನ ಕೊಟ್ಟದ್ದಲ್ಲ. ದುಡಿದದ್ದು.

ನಮ್ಮ ಕಡೆಯಿಂದ ಮೂರು ಜೋಡಿ. ನಾನು ಮತ್ತು ನನ್ನ ಹೆಂಡತಿ ಸುಶೀಲ, ಪಿರಿಯಾಪಟ್ಟಣದ ಸ್ವಾಮಿಗೌಡರ ಜೋಡಿ, ಎಚ್.ಡಿ. ಕೋಟೆ ಕಡೆಯ ಹಂಪಾಪುರದ ಮಾದೇವಣ್ಣನ ಜೋಡಿ. ಟೂರಿನಲ್ಲಿ ಒಂದು ದಿನ ಖಾಲಿ ಬಿಟ್ಟಿದ್ದರು. ಎಲ್ಲಿಗೆ ಬೇಕಾದರೂ ಹೋಗಿಬನ್ನಿ ಅಂತ.

ಸ್ವಾಮಿಗೌಡರು ಫೋನಿನಲ್ಲಿ ಒಂದು ಊರು ಹುಡುಕಿ ತೋರಿಸಿದರು. ಬೆಟ್ಟದ ನಡುವೆ ಹಳೇ ಊರು. ನೀಲಿ, ಕೆಂಪು, ಅರಿಸಿನ ಬಣ್ಣದ ಮನೆಗಳು, ಕಲ್ಲು ಹಾಸಿದ ಬೀದಿ, ಪುಟ್ಟ ಹೊಳೆ, ಅದಕ್ಕೊಂದು ಕಲ್ಲಿನ ಸೇತುವೆ. ಹೆಸರು ಕೊಪ್ರಿವ್‌ಷ್ಟಿತ್ಸಾ. (ಇನ್ನೊಂದು ಸಲ ಓದಬೇಡಿ, ನಾಲಿಗೆ ಗಂಟು ಬೀಳುತ್ತದೆ. ಗೌಡರು ಅದನ್ನು ಅಲ್ಲೇ ‘ಕೊಪ್ಪ’ ಮಾಡಿಬಿಟ್ಟರು.)

ಪ್ಲಾನ್ ಯಾರು ಹಾಕಬೇಕು? ನಾನೇ! ವರ್ಷಾ ವರ್ಷ ನಮ್ಮ ಬೀದಿಯವರನ್ನು ಮಿನಿ ಬಸ್ಸಿನಲ್ಲಿ ಟೂರಿಗೆ ಕರೆದೊಯ್ಯುವವನು ನಾನು. ಅಕ್ಕಿ ಮೂಟೆ, ಗ್ಯಾಸ್ ಸ್ಟೌ, ದಬರಿ, ತರಕಾರಿ ಎಲ್ಲ ಬಸ್ಸಿನಲ್ಲೇ. ಎರಡು ದಿನದಲ್ಲಿ ಹತ್ತು ಜಾಗ ತೋರಿಸಿ, ಹೊಟ್ಟೆ ತುಂಬ ಬಡಿಸಿ, ಜನರನ್ನು ಮನೆ ಬಾಗಿಲಿಗೆ ಇಳಿಸುತ್ತೇನೆ. ಯಾವ ಟ್ರಾವೆಲ್ಸಿನವರು ಮಾಡುತ್ತಾರೆ ಹೇಳಿ?

ಹೊರಡುವ ಮುಂಚಿನ ವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದೆವು. ನಾನು ಪ್ಲಾನ್ ಒಪ್ಪಿಸಿದೆ. ನಸುಕಿಗೇ ಹೊರಟು ಒಂದು ದೊಡ್ಡ ಮಠ, ಮಧ್ಯಾಹ್ನ ಕೊಪ್ಪ, ಸಂಜೆ ಇನ್ನೊಂದು ಪಟ್ಟಣ, ರಾತ್ರಿ ವಾಪಸ್.

“ಎಲ್ಲಾ ಸರಿ ಕಣಣ್ಣ, ಊಟ?” ಅಂದ ಮಾದೇವಣ್ಣ. ಅವನು ಮೊಟ್ಟೆ ಕೂಡ ಮುಟ್ಟುವವನಲ್ಲ. “ಅಲ್ಲಿ ಯಾವುದ್ರಲ್ಲಿ ಏನ್ ಆಕಿರ್ತಾರೋ.”

“ಆ ಚಿಂತೆ ಬುಡು. ಒಂದ್ ರೈಸ್ ಕುಕ್ಕರ್ ತಗೊಂಡೋಗದು. ಹೆಂಗಸ್ರು ಬೆಳಗ್ಗೆ ಎದ್ದು ರೂಮಲ್ಲೇ ಅನ್ನ ಮಾಡ್ಕತಾರೆ. ಮಧ್ಯಾಹ್ನ ಕೊಪ್ಪದಲ್ಲಿ ಎಲ್ಲಾದ್ರೂ ನೆಳ್ಳು ನೋಡಿ ಪುಳಿಯೋಗರೆ ಗೊಜ್ಜು ಹಾಕಿ ಕಲಸುದ್ರೆ ಆಯ್ತು. ಅಷ್ಟರಲ್ಲಿ ನಾವು ಊರು ನೋಡ್ಕಬರದು.”

ಸುಶೀಲ ಟೀ ತಟ್ಟೆಯನ್ನು ಕೆಳಗಿಟ್ಟಳು.

“ಹಂಗಾದ್ರೆ ಆವತ್ತು ನಾನು ರೂಮಲ್ಲೇ ಇರ್ತೀನಿ. ನೀವೆಲ್ಲಾ ಹೋಗ್ಬನ್ನಿ.”

“ಯಾಕೆ? ಊರು ಚೆನ್ನಾಗಿಲ್ವಾ?”

“ಚೆನ್ನಾಗದೆ. ಅದಕ್ಕೇ ಹೇಳಿದ್ದು. ರೀ, ಬೇಲೂರಲ್ಲಿ ನಾನು ಏನ್ ನೋಡ್ದೆ, ಕೇಳಿ.”

“ಏನ್ ನೋಡ್ದೆ?”

“ನಲ್ಲಿ. ಬಸ್ ನಿಲ್ಸೋ ಜಾಗದ ಹಿಂದ್ಗಡೆ ಅದೆ, ನೀರು ಸಣ್ಣಗೆ ಬತ್ತದೆ. ಹಂಪೀಲಿ ಹುಣಸೇಮರದ ಪಕ್ಕ ಒಂದ್ ನಲ್ಲಿ. ಬಾದಾಮೀಲಿ ನಲ್ಲೀನೇ ಸಿಗ್ಲಿಲ್ಲ, ಬೋರ್‌ವೆಲ್ ಒತ್ತಿ ದಬರಿ ತೊಳ್ದಿದ್ದು.”

ಮಾದೇವಣ್ಣನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. “ಬಾದಾಮೀಲಿ ಗುಹೆ ಅದಾವಂತಲ್ಲಕ್ಕ?”

“ಇರ್ಬೇದು ಕಣವ್ವ. ಇವರ ಫೋಟೋದಲ್ಲಿ ನೋಡಿವ್ನಿ.”

ಮನೆಯಲ್ಲಿ ಕೂತು ನಾಲ್ಕು ಜನರ ಮುಂದೆ ಹೀಗೆ ಅನ್ನಿಸಿಕೊಂಡರೆ ಯಾರಿಗೆ ಖುಷಿಯಾಗುತ್ತದೆ? ಅವಳೇನೂ ಜಗಳಕ್ಕೆ ನಿಂತಿರಲಿಲ್ಲ. ಚುಂಚನಕಟ್ಟೆಯ ಹೆಣ್ಣು, ಕಾವೇರಿ ಧುಮುಕುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂತು ಬೆಳೆದವಳು. “ಒಂದೇ ಊರು ಸಾಕು. ಅದನ್ನ ನಾನು ನೋಡ್ಬೇಕು. ಕುಕ್ಕರ್ ಬಂದ್ರೆ ನಾನ್ ಬರಲ್ಲ” ಅಂದಳು. ಇನ್ನಿಬ್ಬರು ಹೆಂಗಸರೂ ಅವಳ ಪಕ್ಕಕ್ಕೆ ಸರಿದು ಕೂತರು. ಎಲೆಕ್ಷನ್ ಅಲ್ಲೇ ಮುಗಿಯಿತು.

“ಮತ್ತೆ ಊಟ?” ಅಂದ ಮಾದೇವಣ್ಣ. ಅವನಿಗೆ ಅದೊಂದೇ.

“ಆಯ್ತು ಬುಡವ್ವ, ಆವತ್ತು ನಾವೇ ನೋಡ್ಕತೀವಿ. ಗಂಡಸ್ರು ಕೈ ಹಾಕುದ್ರೆ ಬೀಗರೂಟನೇ ಆಗೋಯ್ತದೆ!” ಅಂತ ಗೌಡರು ಮೀಸೆ ತಿರುವಿದರು.

ಮಠ, ಪಟ್ಟಣ ಎರಡನ್ನೂ ಕೈಬಿಟ್ಟೆ. ಹೊಟ್ಟೆ ಉರಿಯಿತು. ಎಷ್ಟು ಜಾಗ ನೋಡಿದಿರಿ ಅಂತ ಊರಲ್ಲಿ ಕೇಳಿದರೆ ಒಂದು ಅಂತ ಹೇಳುವುದೇ? ನಮ್ಮಲ್ಲಿ ಟೂರಿನ ತೂಕ ನೋಡುವುದೇ ಲೆಕ್ಕದಲ್ಲಿ ಅಲ್ಲವೇ?

ಆ ದಿನ ಬಂತು. ವ್ಯಾನು ಕೊಪ್ರಿವ್‌ಷ್ಟಿತ್ಸಾದ ಹೊಳೆಯ ಹತ್ತಿರ ಇಳಿಸಿತು. ಬಿಸಿಲಿತ್ತು, ಗಾಳಿ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಅಲ್ಲಿನ ಹಳೇ ಮನೆಗಳಲ್ಲಿ ಕೆಲವನ್ನು ಮ್ಯೂಸಿಯಂ ಮಾಡಿದ್ದಾರೆ, ಎಲ್ಲಕ್ಕೂ ಸೇರಿ ಒಂದೇ ಟಿಕೆಟ್. ಮೂವರು ಹೆಂಗಸರೂ ಟಿಕೆಟ್ ಹಿಡಿದು, ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿ, ಒಂದು ದೊಡ್ಡ ಮರದ ಗೇಟಿನೊಳಗೆ ಮಾಯವಾದರು. ತಿರುಗಿ ಕೂಡ ನೋಡಲಿಲ್ಲ.

ಹೋಟೆಲೊಂದರಲ್ಲಿ ಮಣ್ಣಿನ ಕುಡಿಕೆಯಲ್ಲಿ ಕಾಳು ಬೇಯಿಸಿ ಕೊಡುತ್ತಿದ್ದರು. ವಾಸನೆ ನಮ್ಮ ಅವರೆಕಾಳು ಸಾರನ್ನು ನೆನಪಿಸುವ ಹಾಗಿತ್ತು. ಮಾದೇವಣ್ಣ ಬಗ್ಗಿ ನೋಡಿ, “ಪಕ್ಕದ ಕುಡಿಕೇಲಿ ಮಾಂಸ ಅದೆ ಕಣಣ್ಣ, ಸೌಟು ಒಂದೇ” ಅಂದ. ಮುಗಿಯಿತು.

ಹುಣಸೂರಿನಿಂದ ತಂದಿದ್ದ ಕಡ್ಲೆಪುರಿಯೇ ಗತಿ. ಈರುಳ್ಳಿ, ಟೊಮೇಟೊ, ಸೌತೆಕಾಯಿ ಅಲ್ಲೇ ಕೊಂಡೆವು. ಸೇತುವೆಯ ಎದುರು ಕಲ್ಲಿನಲ್ಲಿ ಕಟ್ಟಿದ ನಲ್ಲಿಯೊಂದಿತ್ತು, ಪಕ್ಕದಲ್ಲೇ ಬೆಂಚು. ಮೂವರು ಡೀಲರ್‌ಗಳು ಸಾಲಾಗಿ ಕೂತು ಹೆಚ್ಚಿದೆವು. ಗೌಡರ ಮೀಸೆಯ ತುದಿಯವರೆಗೂ ಕಣ್ಣೀರು. ನೀರು ಹಿಡಿಯಲು ಬಂದ ಅಜ್ಜಿಯೊಬ್ಬಳು ಏನೋ ಅಂದು, ನಗುತ್ತಾ ತನ್ನ ಚೀಲದಿಂದ ಒಂದು ಹಿಡಿ ಸೊಪ್ಪು ಕೊಟ್ಟುಹೋದಳು.

ಹೆಚ್ಚಿದ್ದಾಯಿತು. ಆದರೆ ಪುರಿಯನ್ನು ಮೊದಲೇ ಕಲಸಿದರೆ ಮೆತ್ತಗಾಗುತ್ತದಲ್ಲ? ಹೆಂಗಸರು ಬರುವವರೆಗೆ ಕಲಸುವ ಹಾಗಿಲ್ಲ. ಬಿಟ್ಟು ಹೋಗೋಣವೆಂದರೆ ಎರಡು ನಾಯಿ ಬೆಂಚಿನ ಕೆಳಗೇ ಕೂತಿವೆ. ಕಾದೆವು.

ಅವರು ಬಂದರು. ಮೂವರೂ ಒಟ್ಟಿಗೇ ಮಾತಾಡುತ್ತಾ.

“ರೀ, ಒಂದ್ ಮನೇಲಿ ಸೂರಿನ ತುಂಬ ಮರದ ಕೆತ್ನೆ ಕಣ್ರೀ! ನಡುವೆ ಸೂರ್ಯ. ಕತ್ತೆತ್ತಿ ನೋಡೀ ನೋಡೀ ಕುತ್ತಿಗೆ ನೋವು ಬಂತು. ಗೋಡೆ ಮೇಲೆಲ್ಲಾ ಬಳ್ಳಿ, ಹೂವು. ಕಿಟಕಿ ಹತ್ರ ಮೆತ್ತೆ ಹಾಕಿರೋ ಜಗಲಿ. ಎಷ್ಟೊತ್ತು ನಿಂತಿದ್ರೂ ಯಾರೂ ಏನೂ ಅನ್ಲಿಲ್ಲ.” ಸುಶೀಲಳ ಮುಖ ಕೆಂಪಾಗಿತ್ತು. “ಟರ್ಕಿಯೋರು ಆಳ್ತಿದ್ದಾಗ ಅವರ ಮೇಲೆ ಮೊದಲ್ನೇ ಗುಂಡು ಹಾರಿದ್ದು ಈ ಸೇತುವೆ ಮೇಲೇ ಅಂತೆ!”

ನಾನು ತಿರುಗಿ ನೋಡಿದೆ. ಅಷ್ಟು ಹೊತ್ತೂ ಅದರ ಎದುರೇ ಈರುಳ್ಳಿ ಹೆಚ್ಚಿದ್ದೆ.

ಊರಿಂದ ತಂದಿದ್ದ ಸ್ಟೀಲ್ ಬೇಸಿನ್ನಿನಲ್ಲಿ ಕಲಸಿ ಆರೂ ಜನ ತಿಂದೆವು. ಪುರಿ ಗರಿಗರಿಯಾಗಿತ್ತು, ಅದನ್ನು ಎಲ್ಲರೂ ಒಪ್ಪಿದರು. ಡ್ರೈವರ್ ಕೈಗಡಿಯಾರ ತೋರಿಸಿದ. “ಒಂದೇ ಒಂದ್ ಮನೆ ನೋಡ್ಕಂಡು ಓಡ್ಬತ್ತೀನಿ” ಅಂತ ಎದ್ದೆ.

“ನೋಡ್ವಂತ್ರಿ” ಅಂದಳು ಸುಶೀಲ. “ಮೊದ್ಲು ಆ ಬೇಸಿನ್ ತೊಳ್ಕಳಿ.”

ತೊಳೆಯುವಷ್ಟರಲ್ಲಿ ವ್ಯಾನು ಸ್ಟಾರ್ಟಾಗಿತ್ತು.

ಮೊನ್ನೆ ನಮ್ಮ ಬೀದಿಯ ಶಿವಣ್ಣ ಅಂಗಡಿಗೆ ಬಂದಿದ್ದ. ಹೋದ ವರ್ಷ ಹೆಂಡತಿ ಜೊತೆ ನಮ್ಮ ಹಂಪಿ ಟೂರಿಗೆ ಬಂದಿದ್ದವನು. “ಕೊಪ್ಪದಲ್ಲಿ ಏನಣ್ಣ ನೋಡ್ದೆ?” ಅಂತ ಸ್ಟೂಲು ಎಳೆದುಕೊಂಡು ಕೂತ.

“ಕಲ್ಲಿನ ನಲ್ಲಿ ಅದೆ ಕಣಪ್ಪ. ನೀರು ಐಸ್ ಇದ್ದಂಗೆ.”

“ಅಷ್ಟ್ ದೂರ ಓಗಿ ನಲ್ಲಿ ನೋಡ್ಕಬಂದಾ?”

“ಹೂಂ ಕಣೋ. ನಿನ್ ಹೆಂಡ್ತಿ ಹಂಪೀಲಿ ಏನ್ ನೋಡುದ್ಲು, ಕೇಳಿದ್ದೀಯಾ?”