ಐದು ಗಂಟೆಯ ಹಾಜರಿ

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ನಾನು ಎದ್ದು ಚಹಾ ತರಲು ಹೋಗುವವನು. ಸತ್ತವರು ಬಾಗಿಲು ಬಡಿದರು, ಹೆಸರು ಹಿಡಿದು ಕರೆದರು ಎಂಬುದೆಲ್ಲ ಹೊಟ್ಟೆ ತುಂಬಿದವರ ಹರಟೆ ಎಂದೇ ಎಣಿಸಿದ್ದೆ. ಈಗಲೂ ಪೂರಾ ನಂಬಿದ್ದೇನೆ ಎನ್ನಲಾರೆ. ಇಷ್ಟು ದಿನ ಇದನ್ನು ಬರೆಯದೆ ಉಳಿದದ್ದು ಒಬ್ಬ ಹುಡುಗಿಯ ಸಲುವಾಗಿ. ಈಗ ಅವಳೇ ಬರೆಯಿರಿ ಅಂದಿದ್ದಾಳೆ. ಕಂಡಷ್ಟೇ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ನಾನು ವಿಲೆ ಪಾರ್ಲೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ಮನೆಯೂ ಅಲ್ಲೇ. ಊರು ಧಾರವಾಡದ ಕಡೆ, ಮುಂಬಯಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಸಾವಿರಾರು ಹುಡುಗರ ಹಾಜರಿ ಬರೆದ ನನಗೇ ಡಿಗ್ರಿ ಇರಲಿಲ್ಲ. ಐವತ್ತು ದಾಟಿದ ಮೇಲೆ ನಾಚಿಕೆ ಬಿಟ್ಟು ಒಂದು ಆನ್‌ಲೈನ್ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಹೆಸರು ಹಚ್ಚಿದೆ. ಅಲ್ಲಿ ಕಟ್ಟಡವಿಲ್ಲ, ಬೆಂಚಿಲ್ಲ, ಕ್ಯಾಂಟೀನಿಲ್ಲ. ಆದರೂ ಗೆಳೆಯರು ಸಿಕ್ಕರು. ಮುಂಬಯಿಯಲ್ಲೇ ಇರುವ ಕನ್ನಡದವರು ಐದು ಜನ ಸೇರಿ ಒಂದು ಗುಂಪು ಮಾಡಿಕೊಂಡೆವು.

ನಮ್ಮ ಪದ್ಧತಿ ಹೀಗಿತ್ತು. ಎಲ್ಲರೂ ದುಡಿಯುವವರು, ಬೇರೆ ಹೊತ್ತು ಸಿಗದು. ಬೆಳಿಗ್ಗೆ ಐದಕ್ಕೆ ವಿಡಿಯೋ ಕಾಲ್‌ಗೆ ಬರಬೇಕು, ಮೈಕ್ ಬಂದ್ ಮಾಡಬೇಕು, ಒಂದು ತಾಸು ಬಾಯಿ ಮುಚ್ಚಿಕೊಂಡು ಓದಬೇಕು. ಎಲ್ಲರದೂ ಒಂದೇ ಕೋಣೆಯ ಮನೆ, ಹಿಂದೆ ಯಾರಾದರೂ ಮಲಗಿರುತ್ತಾರೆ. ಅದಕ್ಕೇ ಕ್ಯಾಮೆರಾ ಮುಖಕ್ಕಲ್ಲ, ನೋಟ್‌ಬುಕ್ಕಿಗೆ. ಕಾಣುವುದು ಕೈಗಳು ಮಾತ್ರ. ನಾನು ಒಬ್ಬೊಬ್ಬರ ಹೆಸರು ಟೈಪ್ ಮಾಡಿದಾಗ ಅವರು ಪೆನ್ನು ಮೇಲೆತ್ತುವುದೇ ಹಾಜರಿ. ಪಾಠ ಮುಗಿದರೆ ಬರೆದ ಪುಟವನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಹಾಜರಿ ಪುಸ್ತಕ ಇಡುವ ಚಟ ನನ್ನದು. ಬಾರದವರಿಗೆ ಗೆರೆ ಎಳೆದೇ ಎಳೆಯುತ್ತಿದ್ದೆ. ‘ಹೆಡ್‌ಮಾಸ್ತರ’ ಎಂದು ಎಲ್ಲರೂ ಕಾಡಿಸುತ್ತಿದ್ದರು.

ಒಂದು ದಿನವೂ ತಪ್ಪಿಸದವಳೆಂದರೆ ಶಾಂತವ್ವ. ವಿಜಯಪುರದ ಕಡೆಯ ಹೆಂಗಸು. ಗಂಡನಿಲ್ಲ. ಕುರ್ಲಾದ ಚಾಳಿನಲ್ಲಿ ಮಗಳ ಜೊತೆ ಇದ್ದು, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ, ಎರಡೆರಡೇ ಬಳೆ. ಎರಡು ವರ್ಷದಲ್ಲಿ ನಾನು ಆಕೆಯ ಮುಖ ನೋಡಿರಲಿಲ್ಲ, ಕೈ ಮಾತ್ರ ಸಾವಿರ ಕೈಗಳ ನಡುವೆಯೂ ಗುರುತು ಹಿಡಿಯಬಲ್ಲೆ. ಈ ಓದು ಯಾಕೆ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ.

“ಹಾಳಿ ಮ್ಯಾಲ ನನ್ನ ಹೆಸರು ಒಮ್ಮೆರ ಛಾಪಿಸಿ ಬರ್ಲಿ ಅಂತ್ರಿ ಸರ” ಅಂದಿದ್ದಳು.

ಕೊನೆಯ ವರ್ಷದ ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಆ ಗುರುವಾರ, ಶುಕ್ರವಾರ, ಶನಿವಾರ ಶಾಂತವ್ವ ಎಂದಿನಂತೆ ಬಂದಳು. ಹೆಸರು ಹಾಕಿದೆ, ಪೆನ್ನು ಎತ್ತಿದಳು. ಪರದೆಯ ಮೇಲೆ ಆಕೆಯ ಚೌಕದಲ್ಲಿ ಬೆಳಕು ಕಡಿಮೆಯಿತ್ತು, ಕೆಳಗೆ ಹೆಸರು ಮೂಡಿರಲಿಲ್ಲ. ನೆಟ್‌ವರ್ಕ್ ತಕರಾರು ಎಂದುಕೊಂಡೆ. ಶನಿವಾರ ತಾಸು ಮುಗಿಯುವ ಹೊತ್ತಿಗೆ ಆಕೆ ಪುಟವನ್ನು ಮೇಲೆತ್ತಿ ಹಿಡಿದಳು. ‘ನಾಲ್ಕನೆಯ ಘಟಕ’ ಎಂಬುದರ ಕೆಳಗೆ ಕೆಂಪು ಗೆರೆ, ನಡುವೆ ಹೊಡೆದು ಹಾಕಿದ ಎರಡು ಸಾಲು, ಮೂಲೆಯಲ್ಲಿ ಎಣ್ಣೆಯ ಕಲೆ. ಮೆಚ್ಚುಗೆಯಾಗಿ ಆಕೆಯ ನಂಬರಿಗೆ ‘ಶಾಬಾಶ್’ ಎಂದು ಕಳಿಸಿದೆ. ಮೆಸೇಜು ಹೋಯಿತು, ಆಕೆಗೆ ತಲುಪಿದ ಗುರುತು ಮಾತ್ರ ಬೀಳಲಿಲ್ಲ. ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಭಾನುವಾರ ಆಕೆ ಬರಲಿಲ್ಲ. ಗೆರೆ ಎಳೆದೆ. ಮಧ್ಯಾಹ್ನ ಆಕೆಯ ನಂಬರಿನಿಂದಲೇ ಗುಂಪಿಗೆ ಮಗಳ ಮೆಸೇಜು ಬಂತು. ಶನಿವಾರ ಕೆಲಸದಲ್ಲಿದ್ದಾಗಲೇ, ತವೆಯ ಮುಂದೆ ಕುಸಿದು ಕೂತ ಶಾಂತವ್ವ ಮತ್ತೆ ಏಳಲಿಲ್ಲವಂತೆ.

ನಾಲ್ಕನೆಯ ದಿನ ಕುರ್ಲಾಕ್ಕೆ ಹೋದೆ. ಜೊತೆಗೆ ಗುಂಪಿನ ಸುಧಾಕರ ಬಂದಿದ್ದ, ಬಾಂದ್ರಾದ ಹೋಟೆಲೊಂದರಲ್ಲಿ ಕೆಲಸ ಮಾಡುವ ಉಡುಪಿಯವನು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡದ್ದು ಅವತ್ತೇ, ಸ್ಟೇಷನ್ನಿನಲ್ಲಿ. ಶಾಂತವ್ವನ ಮುಖ ಕಂಡದ್ದು ಹಾರ ಹಾಕಿದ ಫೋಟೋದಲ್ಲಿ. ನನಗೆ ಅಳು ತಡೆಯಲಾಗಲಿಲ್ಲ.

ಮಗಳು ರೇಖಾ ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕನ್ನಡ ಅಷ್ಟಕ್ಕಷ್ಟೆ. ನಾವು ಕೂತು ಐದು ನಿಮಿಷವಾಗಿರಲಿಲ್ಲ, ಅವಳೇ ಶುರು ಮಾಡಿದಳು.

“ಅಂಕಲ್, ಬುಧವಾರ ರಾತ್ರಿ ಮಮ್ಮಿದು ಫೋನ್ ನಾನು ಕಸ್ಕೊಂಡ್ನಿ. ಡಾಕ್ಟರ್ ಆರಾಮ್ ಕರೋ ಅಂದಿದ್ರು, ಅಕಿ ಕೇಳ್ತಿರ್ಲಿಲ್ಲ. ಈ ವಯಸ್ಸಿಗೆ ಡಿಗ್ರಿ ತಗೊಂಡು ಏನ್ ಮಾಡ್ತಿ ಅಂದ್ನಿ. ಸ್ವಿಚ್ ಆಫ್ ಮಾಡಿ ನನ್ ಪರ್ಸ್‌ನಾಗ ಇಟ್ಕೊಂಡ್ನಿ. ಆಮ್ಯಾಲ ಮಮ್ಮಿ ನನ್ ಜೋಡಿ ಮಾತೇ ಆಡ್ಲಿಲ್ಲ.”

ಮೂರು ದಿನ ಮಾತಿಲ್ಲ, ನಾಲ್ಕನೆಯ ದಿನ ತಾಯಿಯೇ ಇಲ್ಲ. ತಾಯಿಗಿದ್ದ ಒಂದೇ ಒಂದು ಆಸೆಯನ್ನು ತಾನೇ ಕಿತ್ತುಕೊಂಡು ಕಳಿಸಿದೆ ಎಂದು ಆ ಹುಡುಗಿ ಒಳಗೇ ಬೇಯುತ್ತಿದ್ದಳು. ನಾನು ತಡೆಯಲಾರದೆ, ಇಲ್ಲವ್ವಾ, ಆ ಮೂರೂ ದಿನ ನಿಮ್ಮ ತಾಯಿ ಬಂದಿದ್ದರು, ಪೆನ್ನು ಎತ್ತಿದ್ದರು ಎಂದೆ. ಅವಳಿಗೆ ಸಿಟ್ಟು ಬಂತು. ಸಮಾಧಾನಕ್ಕೆಂದು ಸುಳ್ಳು ಹೇಳಬೇಡಿ ಅಂದಳು. ಭಾನುವಾರ ತಾನು ಫೋನ್ ಚಾಲೂ ಮಾಡಿದ ಮೇಲೆಯೇ ನನ್ನ ‘ಶಾಬಾಶ್’ ಬಂದು ಬಿದ್ದದ್ದನ್ನು ತೋರಿಸಿದಳು. ಸುಧಾಕರನ ಕಡೆ ನೋಡಿದೆ. ತಾನು ತಲೆ ಎತ್ತಿ ಯಾರು ಬಂದಿದ್ದಾರೆಂದು ನೋಡಿರಲಿಲ್ಲ, ಓದುತ್ತಿದ್ದೆ ಎಂದ. ಆಮೇಲೆ ಕೇಳಿದಾಗ ಗುಂಪಿನ ಉಳಿದಿಬ್ಬರೂ ಅದನ್ನೇ ಅಂದರು.

ಬೇರೆ ದಾರಿ ತಿಳಿಯದೆ ಆ ಪುಟದ ಗುರುತು ಹೇಳಿದೆ. ಕೆಂಪು ಗೆರೆ, ಹೊಡೆದು ಹಾಕಿದ ಎರಡು ಸಾಲು, ಎಣ್ಣೆ ಕಲೆ. ರೇಖಾ ಎದ್ದು ಅಡುಗೆ ಕಟ್ಟೆಯ ಕೆಳಗಿನ ಚೀಲದಿಂದ ನೋಟ್‌ಬುಕ್ ತೆಗೆದಳು. ಮೂರನೆಯ ಘಟಕದ ಕೊನೆಗೆ ಬುಧವಾರದ ತಾರೀಕಿತ್ತು. ಪುಟ ತಿರುವಿದಳು. ನಾಲ್ಕನೆಯ ಘಟಕ ಪೂರ್ತಿಯಾಗಿತ್ತು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವಳು ಆ ಪುಟದ ಮೇಲೆ ಕೈಯಿಟ್ಟು ನೆಲದ ಮೇಲೆಯೇ ಕೂತುಬಿಟ್ಟಳು.

ಮಗಳು ಮಲಗಿದ್ದಾಗ ತಾಯಿ ಐದಕ್ಕೆ ಎದ್ದು, ಫೋನಿಲ್ಲದೆಯೇ, ಒಲೆಯ ಬಳಿ ಕೂತು ಓದಿದ್ದಾಳೆ. ಇಷ್ಟು ನನಗೂ ಅರ್ಥವಾಗುತ್ತದೆ. ಅದನ್ನು ಪಾರ್ಲೆಯಲ್ಲಿ ಕೂತ ನಾನು ಕಂಡದ್ದು ಹೇಗೆ? ನಿದ್ದೆಗಣ್ಣು ಎನ್ನುತ್ತಾಳೆ ನನ್ನ ಹೆಂಡತಿ. ನಿದ್ದೆಗಣ್ಣಿಗೆ ಇನ್ನೊಬ್ಬರ ನೋಟ್‌ಬುಕ್ಕಿನ ಎಣ್ಣೆ ಕಲೆ ಕಂಡೀತೇ? ಎಷ್ಟು ಯೋಚಿಸಿದರೂ ಬಗೆಹರಿಯದು.

ಹೊರಡುವಾಗ ರೇಖಾ ಬಾಗಿಲ ತನಕ ಬಂದಳು.

“ಅಂಕಲ್, ಮಮ್ಮಿ ನನ್ ಮ್ಯಾಲ ಸಿಟ್ಟಾಗಿದ್ಲೇನು?”

ನಾನು ಕಂಡದ್ದು ಎರಡು ಕೈ. “ಇಲ್ಲವ್ವಾ, ಸಮಾಧಾನದಾಗ ಬರೀತಿದ್ಲು” ಎಂದೆ. ಅವಳ ಮುಖ ಸ್ವಲ್ಪ ಹಗುರಾಯಿತು.

ಮೂರು ದಿನ ಶಾಂತವ್ವ ಬಂದಿದ್ದಳೆಂದು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ, ಯಾರು ನಂಬಲಿ ಬಿಡಲಿ. ಬಾಗಿಲಲ್ಲಿ ಹೇಳಿದ ಆ ಒಂದು ಮಾತಿಗೆ ಮಾತ್ರ ನನ್ನಿಂದ ಆಣೆ ಮಾಡಲಾಗದು.