ಚಿಕ್ಕಗಂಗಮ್ಮನ ಬಣ್ಣ

ಹೇರೋಹಳ್ಳಿಯ ಅಂಜಿನಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ಊರಿಗೆಲ್ಲ ಗೊತ್ತು. ರಸ್ತೆ ಅಗೆದು ಮುಚ್ಚದೆ ಹೋದವರ ಮೇಲೆ ಕೋಪ. ಕೈ ತೋರಿಸಿದರೂ ನಿಲ್ಲಿಸದ ಬಸ್ಸಿನ ಮೇಲೆ ಕೋಪ. ತನ್ನ ರಾಗಿ ಹೊಲದ ಮೇಲೆ ಎದ್ದ ಲೇಔಟಿಗೆ ಯಾವುದೋ ಇಂಗ್ಲಿಷ್ ಹೂವಿನ ಹೆಸರಿಟ್ಟವನ ಮೇಲಂತೂ ಇವತ್ತಿಗೂ ಕೋಪ. ಇಷ್ಟಕ್ಕೂ ಮದ್ದು ಒಂದೇ ಇತ್ತು. ಹೆಂಡತಿ ಚಿಕ್ಕಗಂಗಮ್ಮ ಹುಬ್ಬು ಗಂಟಿಕ್ಕಿ ಒಂದು ಸಲ ನೋಡಿದರೆ ಸಾಕು, ಅಂಜಿನಯ್ಯನ ಬಾಯಿಗೆ ಬೀಗ ಬೀಳುತ್ತಿತ್ತು. ಆ ಚಿಕ್ಕಗಂಗಮ್ಮ ತೀರಿಕೊಂಡಿದ್ದಳು. ನಾಳೆ ಅವಳ ಹನ್ನೊಂದನೇ ದಿನದ ತಿಥಿ.

ತಿಥಿಗೆಂದು ಮಗ ಸಿದ್ದೇಶ್ ಅವ್ವನ ಫೋಟೋಗೆ ಫ್ರೇಮು ಹಾಕಿಸಿಕೊಂಡು ಬಂದು ನಡುಮನೆಯ ಗೋಡೆಗೆ ತೂಗುಹಾಕಿ ಬ್ಯಾಂಕಿನ ಕೆಲಸಕ್ಕೆ ಹೋದ. ಪಕ್ಕದ ಮನೆಯ ನಾರಾಯಣಪ್ಪ ಬಂದ. ಚಿಕ್ಕಗಂಗಮ್ಮ ಇದ್ದಾಗ, ಅವಳ ಬೈಗುಳಕ್ಕೆ ಹೆದರಿ ಗೇಟಿನ ಹೊರಗೇ ಬೀಡಿ ಎಸೆದು ಬರುತ್ತಿದ್ದ ಮನುಷ್ಯ ಅವನು. ಈಗ ಕೇಳುವವರಿಲ್ಲವಲ್ಲ, ಸೇದುತ್ತಲೇ ಒಳಗೆ ಬಂದು ಫೋಟೋ ಮುಂದೆ ನಿಂತು ಹೊಗೆ ಬಿಟ್ಟ.

"ಯಾರಣ್ಣ ಈಯಮ್ಮ? ನಿಮ್ಮ ರಾಜಾಜಿನಗರದ ಬೀಗಿತ್ತಿನಾ?"

ಅಂಜಿನಯ್ಯ ಕನ್ನಡಕ ಹಾಕಿಕೊಂಡು ಎದ್ದು ನೋಡಿದ. ನೋಡಿದವನಿಗೆ ಅಂಗಾಲಿನಿಂದ ನೆತ್ತಿವರೆಗೆ ಮೈ ಉರಿದುಹೋಯಿತು. ಮೈದಾ ಹಿಟ್ಟು ಬಳಿದಂಥ ಬಿಳಿ ಮುಖ. ಹಣೆಯಲ್ಲಿ ಒಂದು ಗೆರೆಯಿಲ್ಲ. ಕೆನ್ನೆ ಮೇಲೆ ಒಂದು ಕಲೆಯಿಲ್ಲ. ಅವನು ಬಾಳಿದ್ದು ಈ ಹೆಂಗಸಿನ ಜೊತೆಯಲ್ಲ!

ಚಿಕ್ಕಗಂಗಮ್ಮ ಕಪ್ಪಗಿದ್ದಳು. ಬೆಳಗಾಗುವುದರೊಳಗೆ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ತಲೆ ಮೇಲೆ ಪುಟ್ಟಿ ಹೊತ್ತು ಬಸವೇಶ್ವರನಗರದ ಬೀದಿಬೀದಿ ತಿರುಗಿ ಮಾರಿದವಳು. ಮದುವೆಯಾಗಿ ಬಂದಾಗ ಎಣ್ಣೆಗೆಂಪಾಗಿದ್ದವಳನ್ನು ಬಿಸಿಲು ಸುಟ್ಟು ಕಪ್ಪು ಮಾಡಿತ್ತು. ಸಿದ್ದೇಶನ ಕಾಲೇಜು ಫೀಸು, ಮಗಳ ಮದುವೆಯ ಬಳೆ, ಎಲ್ಲ ಆ ಪುಟ್ಟಿಯಿಂದಲೇ ಇಳಿದದ್ದು. ಹಾಗೆ ದುಡಿದವಳ ಬಣ್ಣವನ್ನು ಫೋಟೋ ಸ್ಟುಡಿಯೋದ ಯಾವಳೋ ಒಬ್ಬಳು ಒರೆಸಿ ಹಾಕುವುದೆಂದರೇನು? ಅಂಜಿನಯ್ಯ ಫ್ರೇಮನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ಹಗಲೂ ರಾತ್ರಿ ಬಿಡದ ಟಾರ್ಚನ್ನು ಜೇಬಿಗೆ ಹಾಕಿಕೊಂಡು ಹೆಗ್ಗನಹಳ್ಳಿಯ ಬಸ್ಸು ಹತ್ತಿದ. ಹೇರೋಹಳ್ಳಿಯ ಗುಂಡಿಗಳನ್ನೂ ಉರಿಯದ ಬೀದಿದೀಪಗಳನ್ನೂ ನಂಬಿ ಟಾರ್ಚಿಲ್ಲದೆ ಹೊರಟರೆ ಕಾಲು ಮುರಿಯುವುದು ಗ್ಯಾರಂಟಿ ಎಂಬುದು ಅವನ ವಾದ.

ಅಲ್ಲಿ ಆ ಸ್ಟುಡಿಯೋ ನಡೆಸುವವಳು ಮಾಲಾ. ಅಪ್ಪನ ಕಾಲದ ಅಂಗಡಿ, ಮುಂದೆ ಜೆರಾಕ್ಸು, ಹಿಂದೆ ಕಪ್ಪು ಪರದೆ ಕಟ್ಟಿದ ಕತ್ತಲ ಕೋಣೆ. ಅಂಜಿನಯ್ಯ ಟವೆಲು ಬಿಚ್ಚಿ ಫ್ರೇಮನ್ನು ಟೇಬಲ್ಲಿನ ಮೇಲೆ ಇಟ್ಟ.

"ಏನಮ್ಮಾ, ಯಾರಮ್ಮಾ ಇದು?"

"ನಿಮ್ಮನೆಯೋರೇ ಅಲ್ವಾ ಯಜಮಾನ್ರೇ?"

"ನನ್ನೆಂಡ್ತಿ ಇವಳಾ? ಕಣ್ಣು ಕಾಣ್ಸುತ್ತಾ ನಿಂಗೆ? ಸುಣ್ಣ ಹೊಡಿಯಕ್ಕೆ ಅವಳೇನು ಹಬ್ಬದ ಗೋಡೆನಾ?"

"ನಿಮ್ಮ ಮಗಾನೇ ಹೇಳಿದ್ದು, ಸ್ವಲ್ಪ ಬ್ರೈಟ್ ಮಾಡಿ, ಬೀಗರು ಬರ್ತಾರೆ ಅಂತ. ನಾನು ಸ್ವಲ್ಪಾನೇ ಮಾಡಿದ್ದು, ದೇವರಾಣೆ. ಹಣೆ ಗಂಟೊಂದು ಬಿಡಿಸ್ದೆ."

ಮಗನೇ ಹೇಳಿದ್ದು ಎಂದು ಕೇಳಿ ಅಂಜಿನಯ್ಯನ ಕೋಪ ಇಮ್ಮಡಿಯಾಯಿತು. ಅದರ ಹಿಂದೆಯೇ ಸಂಕಟವೂ ಬಂತು.

"ಮೊದಲಿದ್ದಂಗೆ ತೆಕ್ಕೊಡು. ಅವಳಿದ್ದಂಗೆ."

ಮಾಲಾ ತಲೆ ತಗ್ಗಿಸಿದಳು. "ಆಗಲ್ಲ ಯಜಮಾನ್ರೇ. ಬೆಳಿಗ್ಗೆಯಿಂದ ಕಂಪ್ಯೂಟರ್ ಕೆಟ್ಟೋಗಿದೆ."

ಪಿಂಚಣಿ ಅರ್ಜಿಗೆಂದು ಚಿಕ್ಕಗಂಗಮ್ಮ ಈ ಸ್ಟುಡಿಯೋದ ಸ್ಟೂಲಿನ ಮೇಲೆ ಒಂದು ಸಲ ಕೂತಿದ್ದಳು. ಫೋಟೋ ತೆಗೆಸಿಕೊಳ್ಳುವುದೆಂದರೆ ಸೆರಗು ಮುಚ್ಚಿಕೊಂಡು ಓಡುತ್ತಿದ್ದವಳ ಸರಿಯಾದ ಫೋಟೋ ಅಂತ ಇದ್ದದ್ದು ಅದೊಂದೇ. ಅದರ ಪ್ರಿಂಟುಗಳೆಲ್ಲ ಅರ್ಜಿಗಳಿಗೆ ಅಂಟಿ ಹೋಗಿದ್ದವು. ಉಳಿದದ್ದು ಆ ಕಂಪ್ಯೂಟರಿನ ಹೊಟ್ಟೆಯಲ್ಲಿ.

ಅಂಜಿನಯ್ಯ ಪರದೆ ಸರಿಸಿ ಕತ್ತಲ ಕೋಣೆಗೆ ನುಗ್ಗಿದ. ಹಳೇ ಡೆಸ್ಕ್‌ಟಾಪು ಗುಂಯ್ ಅನ್ನುತ್ತಿತ್ತು, ಡಬ್ಬದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಸ್ಕ್ರೀನು ಮಾತ್ರ ಕಾವಲಿಯಂತೆ ಕಪ್ಪಾಗಿತ್ತು.

"ಆಫ್ ಮಾಡಿ ಆನ್ ಮಾಡ್ದೆ. ವೈರ್ ಎಲ್ಲಾ ಕಿತ್ತು ಬಿಗಿಯಾಗಿ ಹಾಕ್ದೆ. ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿದ್ದೂ ಆಯ್ತು. ಕಂಪ್ಯೂಟರ್ ಅಂಗಡಿ ಯೋಗಾನಂದ ಬಂದು ನೋಡ್ಕೊಂಡು ಹೋದ. ಬೋರ್ಡೇ ಸತ್ತೋಗಿದೆ, ಹಳೇದು, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂದ."

"ಬಿಚ್ಚಿ ನೋಡಿದ್ನಾ?"

"ಇಲ್ಲ."

"ಬೇರೆ ಸ್ಕ್ರೀನ್ ತಂದು ಹಾಕ್ನೋಡಿದ್ನಾ?"

"ಇಲ್ಲ. ಬಾಗಿಲಲ್ಲೇ ನಿಂತಿದ್ದ, ಯಾವ್ದೋ ಫೋನ್ ಬಂತು, ಹೊರಟೋದ."

"ಥೂ ಅವನ! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ! ಹಳೇದು ಅಂದ್ರೆ ಸಾಕು, ಎಸಿ! ಬಾವಿ ಹಳೇದು, ಮುಚ್ಚು! ಮರ ಹಳೇದು, ಕಡಿ! ಮುಖ ಹಳೇದು, ಸುಣ್ಣ ಬಳಿ! ನಾಳೆ ನನ್ನೂ ಗುಜರಿಗೆ ಹಾಕ್ತೀರಾ? ಎಲ್ಲಮ್ಮಾ, ಎಲ್ಲಿ ಸತ್ತೋಗಿದೆ, ತೋರ್ಸು ನಂಗೆ!"

ಹಾಗೆಂದು ಜೇಬಿನ ಟಾರ್ಚು ಹಿರಿದು ಸ್ಕ್ರೀನಿಗೆ ಹಿಡಿದ. ಹಿಡಿದ ರಭಸಕ್ಕೆ ಬೆಳಕು ಓರೆಯಾಗಿ ಬಿತ್ತು. ಬಿದ್ದ ಕಡೆ ಗಾಜಿನೊಳಗೆ ಏನೋ ಕಂಡಿತು. ತೀರ ಮಸುಕಾಗಿ, ಸಣ್ಣ ಸಣ್ಣ ಚೌಕಗಳು, ಅಕ್ಷರಗಳು.

"ಅಲ್ಲಾಡಿಸ್ಬೇಡಿ!" ಮಾಲಾ ಕಿರುಚಿದಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. "ಚಿತ್ರ ಬರ್ತಾ ಇದೆ ಯಜಮಾನ್ರೇ! ಕಂಪ್ಯೂಟರ್ ಚೆನ್ನಾಗೇ ಇದೆ. ಸ್ಕ್ರೀನ್ ಒಳಗೆ, ಹಿಂದುಗಡೆ ಒಂದು ಲೈಟ್ ಇರುತ್ತೆ, ಅದು ಹೋಗಿದೆ ಅಷ್ಟೇ!"

"ಬದುಕಿರೋದನ್ನ ಸತ್ತೋಯ್ತು ಅಂದ್ನಲ್ಲಮ್ಮಾ ಆ ನನ್ಮಗ!"

ಮಾಲಾ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಆ ಲೈಟು ಇವತ್ತು ಒಮ್ಮೆಲೇ ಹೋದದ್ದಲ್ಲ, ತಿಂಗಳುಗಟ್ಟಲೆ ಮಂಕಾಗುತ್ತ ಬಂದು ಹೋದದ್ದು ಎಂಬುದು ಅವಳಿಗೆ ಈಗ ಹೊಳೆಯಿತು. ಸ್ಕ್ರೀನು ಕಪ್ಪಾದಷ್ಟೂ ಮುಖ ಕಪ್ಪಾಗಿದೆ ಎಂದುಕೊಂಡು ಅವಳು ಬೆಳಕು ಏರಿಸುತ್ತಲೇ ಬಂದಿದ್ದಳು. ಗಿರಾಕಿಗಳೋ, ಮಾಲಾ ಕೈಯಲ್ಲಿ ಫೋಟೋ ಬೆಳ್ಳಗೆ ಬರುತ್ತದೆಂದು ಸುಂಕದಕಟ್ಟೆಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಯಾಕಮ್ಮ ಇಷ್ಟು ಬೆಳ್ಳಗೆ ಎಂದು ಒಬ್ಬರಾದರೂ ಕೇಳಬಾರದಿತ್ತೇ? ಅವಳಿಗೂ ಸಿಟ್ಟು ಬಂತು, ಗಿರಾಕಿಗಳ ಮೇಲೆ, ತನ್ನ ಮೇಲೆ.

"ಟಾರ್ಚ್ ಹಿಡ್ಕೊಂಡಿರಿ ಯಜಮಾನ್ರೇ. ಹುಡುಕ್ತೀನಿ."

ಅಂಜಿನಯ್ಯ ಬಗ್ಗಿ ನಿಂತ. ಮೌಸಿನ ಬಾಣ ಹೋದ ಕಡೆಯೆಲ್ಲ ಬೆಳಕು ಒಯ್ದ. ಕೈ ಅತ್ತ ಹೋದರೂ ಬಾಯಿ ನಿಲ್ಲಲಿಲ್ಲ. ಯೋಗಾನಂದನನ್ನು ಬೈದ, ಬೀಗರನ್ನು ಬೈದ, ಮಗನನ್ನಂತೂ ಹುಟ್ಟಿದ ಗಳಿಗೆಯಿಂದ ಹಿಡಿದು ಬೈದ.

"ಹೆತ್ತವ್ವನ ಮುಖಾನೇ ಆಗ್ದೇ ಇದ್ದೋನಿಗೆ ತಿಥಿ ಯಾಕೆ, ಊಟ ಯಾಕೆ, ಅವನ..."

ಅಷ್ಟರಲ್ಲಿ ಮಾಲಾ ತಿದ್ದದ ಮೂಲ ಫೋಟೋ ತೆರೆದಿದ್ದಳು. ಟಾರ್ಚಿನ ಬೆಳಕಿನಲ್ಲಿ ಮೊದಲು ಮೂಗುತಿ ಕಂಡಿತು. ಆಮೇಲೆ ಕೆನ್ನೆಯ ಕಲೆ. ಆಮೇಲೆ ಹುಬ್ಬು. ಗಂಟಿಕ್ಕಿದ ಹುಬ್ಬು. ಸ್ಟೂಲಿನ ಮೇಲೆ ಕೂರಿಸಿ ಹೊತ್ತು ಮಾಡಿದ್ದಕ್ಕೆ ಚಿಕ್ಕಗಂಗಮ್ಮ ಕ್ಯಾಮೆರಾವನ್ನೇ ಗದರಿಸುವಂತೆ ನೋಡಿದ್ದಳು. ಅದೇ ನೋಟ.

ಅಂಜಿನಯ್ಯನ ಮಾತು ಅರ್ಧಕ್ಕೇ ನಿಂತಿತು.

ಅವನ ಕಣ್ಣಲ್ಲಿ ನೀರು ಬಂತು. ಟಾರ್ಚು ಹಿಡಿದ ಕೈ ತೆಗೆಯದೆ ಹೆಗಲಿಗೇ ಕಣ್ಣೊರೆಸಿಕೊಂಡ.

"ಇವಳು ಕಣಮ್ಮಾ. ಇವಳೇ. ಏನೂ ಮುಟ್ಬೇಡ, ಹಿಂಗೇ ತೆಗಿ."

ಮಾಲಾ ಏನನ್ನೂ ಮುಟ್ಟದೆ ಪ್ರಿಂಟು ತೆಗೆದಳು. ಬಿಳಿ ಮುಖವನ್ನು ಫ್ರೇಮಿನಿಂದ ಬಿಚ್ಚಿ ಹರಿದು ಹಾಕಿ, ಈ ಮುಖ ಕೂರಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಸಿದ್ದೇಶ್ ಗೋಡೆ ನೋಡಿ ಗಾಬರಿಯಾದ.

"ಏನಪ್ಪಾ ಇದು? ಇಷ್ಟು ಕಪ್ಪಗೆ! ಬೀಗರೆಲ್ಲ ಬರ್ತಾರೆ, ಏನಂದ್ಕೋತಾರೆ?"

ಅಂಜಿನಯ್ಯ ಗುಡುಗಲು ಬಾಯಿ ತೆರೆದ. ಕಣ್ಣು ಫೋಟೋ ಮೇಲೆ ಹೋಯಿತು. ಬಾಯಿ ಮುಚ್ಚಿತು. ಸಿದ್ದೇಶನಿಗೆ ಅಪ್ಪನ ಕೂಗು ಅಭ್ಯಾಸವಿತ್ತು. ಅಪ್ಪ ಮೆತ್ತಗೆ ಮಾತಾಡಿದ್ದೇ ಅವನಿಗೆ ಹೆದರಿಕೆಯಾಯಿತು.

"ನಿನ್ನನ್ನ ಓದಿಸಕ್ಕೆ ಬಿಸಿಲಲ್ಲಿ ನಿಂತಿದ್ದಳಲ್ಲ, ಆ ಬಣ್ಣ ಕಣೋ ಅದು. ಬೀಗರು ಕೇಳಿದ್ರೆ ಹಂಗೇ ಹೇಳು. ಹೇಳಕ್ಕೆ ನಾಚ್ಕೆ ಆದ್ರೆ ನಾನೇ ಹೇಳ್ತೀನಿ."

ಸಿದ್ದೇಶ್ ಹೂವಿನ ಹಾರ ತಂದು ಫ್ರೇಮಿಗೆ ಹಾಕಿದ. ಹಾರ ಮುಖಕ್ಕೆ ಅಡ್ಡ ಬಂದಿತ್ತು. ಅಂಜಿನಯ್ಯ ಅದನ್ನು ಪಕ್ಕಕ್ಕೆ ಸರಿಸಿದ.

ಅಷ್ಟರಲ್ಲಿ ಪಕ್ಕದ ಮನೆಯ ನಾರಾಯಣಪ್ಪ, ಅಡುಗೆ ಭಟ್ಟರು ಬಂದರಾ ಎಂದು ಕೇಳುತ್ತ ಬೀಡಿ ಸೇದಿಕೊಂಡೇ ನಡುಮನೆಗೆ ಕಾಲಿಟ್ಟ. ತಲೆಯೆತ್ತಿ ಗೋಡೆ ನೋಡಿದ. ನೋಡಿದವನೇ ಬೀಡಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಹಾಗೇ ಹಿಂದಕ್ಕೆ ನಡೆದು ಗೇಟಿನ ಹೊರಗೆ ಹೋಗಿ ಎಸೆದು ಬಂದ.